ಮಿಂಚಿನ ಕಣಜ

ಗಳಿಸುವುದಕ್ಕಿಂತ ಉಳಿಸುವುದು ಕಠಿಣ, ಉಳಿಸುವುದಕ್ಕಿಂತ ಅಳೆದು ವೆಚ್ಚಮಾಡುವುದು ಕಠಿಣವೆಂದು ಹಿರಿಯರು ಧನಧಾನ್ಯಗಳನ್ನು ಕುರಿತು ಹೇಳುತ್ತ ಬಂದಿದ್ದಾರೆ. ವಿದ್ಯುಚ್ಛಕ್ತಿಗೂ ಈ ಮಾತು ಸಲ್ಲುವುದೆಂಬುದು ಪಟ್ಟಣವಾಸಿಗೆ ತೋರುವುದು ವಿರಳ. ಬೆಳಗಾವಿಯ ಗೃಹಸ್ಥನು ಗುಂಡಿಯನ್ನೊತ್ತುತ್ತಾನೆ, ದೀಪವು ಬೆಳಗುತ್ತದೆ. ಆ ಬೆಳಕು ಎಲ್ಲಿಂದ ಬಂದಿತೆಂದು ಕೇಳುವ ಪ್ರಸಂಗ ಅವನಿಗೆ ಬರುವುದಿಲ್ಲ. ಅಲ್ಲಿಂದ ಸುಮಾರು 25 ಕಿಲೋಮೀಟರು ತೆಂಕಣಕ್ಕಿರುವ ಖಾನಾಪುರವನ್ನು ದಾಟಿ ಭೀಮಗಡದ ಅಡವಿಯ ಅಂಚನ್ನು ಸೇರಿದರೆ ಸಂಗತಿ ಬೇರೆ. ಆಷಾಢದ ಮಳೆಯಲ್ಲಿ ಒಂದು ಮರ ತಂತಿಯ ಮೇಲುರುಳಿದರೆ ಸಾಕು, ಮನೆಯ ಮೂಲೆಯಲ್ಲಿ ಕುಳಿತ ಬ್ಯಾಟರಿಯೇ ಆ ರಾತ್ರಿಗೆಲ್ಲ ಒಡೆಯ. ಅದು ಕಣಜವಿದ್ದಂತೆ: ತುಂಬಿದಷ್ಟೇ ತೆಗೆಯಲುಂಟು, ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ.

ಈ ಅಡವಿಯಲ್ಲಿಯೇ ಮಹದಾಯಿ ನದಿ ಹುಟ್ಟುತ್ತದೆ. ನೀರಿನ ಹಂಚಿಕೆಯ ವಾದದಿಂದ ಮಾತ್ರ ಆ ಹೆಸರನ್ನು ಬಲ್ಲ ವಾಚಕರಿಗೆ ಅದರ ಇನ್ನೊಂದು ಕೀರ್ತಿಯನ್ನು ತಿಳಿಸುವುದು ಅವಶ್ಯ. ಘಟ್ಟವನ್ನಿಳಿದ ನದಿ ಗೋವೆಯಲ್ಲಿ ಮಾಂಡವಿಯೆನಿಸಿ ದಿವಾಡಿ ದ್ವೀಪವನ್ನು ಬಳಸಿ ಕಡಲನ್ನು ಸೇರುತ್ತದೆ. ಆ ದ್ವೀಪದ ನೌಕಾಗಾರವೊಂದರಲ್ಲಿ ಕಟ್ಟಿದ 56 ಅಡಿಯ ಹಾಯಿನೌಕೆಯೊಂದು 2009ರಲ್ಲಿ ಭಾರತೀಯ ನೌಕಾದಳವನ್ನು ಸೇರಿತು. ಅದಕ್ಕೆ 'ಮ್ಹಾದೇಯಿ' ಎಂದೇ ಹೆಸರು. ಅದೇ ವರ್ಷದ ಆಗಸ್ಟಿನಲ್ಲಿ ದಿಲೀಪ ದೋಂದೆಯವರು ಅದನ್ನೇರಿ ಏಕಾಂಗಿಯಾಗಿ ಹೊರಟು, ನಾಲ್ಕು ಬಂದರುಗಳಲ್ಲಿ ತಂಗಿ, 2010ರ ಮೇ ತಿಂಗಳಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿದರು. ಅಭಿಲಾಷ ಟೋಮಿಯವರು 2012ರ ನವೆಂಬರದಲ್ಲಿ ಅದೇ ನೌಕೆಯಲ್ಲಿ ಮುಂಬಯಿಯನ್ನು ಬಿಟ್ಟು, ಎಲ್ಲಿಯೂ ತಂಗದೆ, 2013ರ ಮಾರ್ಚ್ ಕೊನೆಗೆ ಮರಳಿದರು. ಕಡಲನ್ನೇ ಕಾಣದ ಖಾನಾಪುರದ ಕಾಡುಹೊಳೆಯ ಹೆಸರು ಹೀಗೆ ಜಗತ್ತನ್ನು ಸುತ್ತಿ ಬಂದಿತು.

ಹಾಯಿಗೆ ಗಾಳಿಯೇ ಬಲವಾದರೆ ವಿದ್ಯುತ್ತಿನ ಗೊಡವೆಯೇತಕ್ಕೆಂದು ಯಾರಾದರೂ ಕೇಳಬಹುದು. ಒಬ್ಬಂಟಿ ನಾವಿಕನೂ ನಿದ್ರಿಸಬೇಕಷ್ಟೆ! ಅವನು ಕಣ್ಣುಮುಚ್ಚಿದಾಗ ಪಟಸ್ತಂಭದ ತುದಿಯ ದೀಪ ಎಚ್ಚರವಾಗಿರಬೇಕು; ಹಡಗು ಸಮೀಪಿಸಿದರೆ ಕೂಗಿ ಎಬ್ಬಿಸುವ ಯಂತ್ರ ಎಚ್ಚರವಾಗಿರಬೇಕು; ದಡದೊಡನೆ ಮಾತಾಡುವ ರೇಡಿಯೋ ಕರೆದಾಗ ಓಗೊಡಬೇಕು. ಇವೆಲ್ಲವುಗಳ ಅನ್ನ ಬ್ಯಾಟರಿಯಲ್ಲಿದೆ.

ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ನಿರ್ಮಿಸಿದ ಸೀಸದ ಬ್ಯಾಟರಿ ಇಂದಿಗೂ ಮನೆಗಳಲ್ಲಿಯೂ ದೋಣಿಗಳಲ್ಲಿಯೂ ದುಡಿಯುತ್ತಿದೆ. ಗಂಧಕಾಮ್ಲದಲ್ಲಿ ಮುಳುಗಿದ ಸೀಸದ ಫಲಕಗಳ ಒಂದೊಂದು ಕೋಣೆಗೆ ಎರಡು ವೋಲ್ಟಿಗಿಂತ ತುಸು ಹೆಚ್ಚು. ಆರು ಕೋಣೆ ಕೂಡಿದರೆ 12 ವೋಲ್ಟಿನ ಪೆಟ್ಟಿಗೆ. ವಿಶ್ರಾಂತಿಯಲ್ಲಿರುವಾಗ ಅಳೆದರೆ 12.7 ವೋಲ್ಟು ತುಂಬಿದ ಕಣಜದ ಗುರುತು, 12.2 ಅರ್ಧ ಬರಿದಾದುದರ ಗುರುತು. ಅರ್ಧಕ್ಕಿಂತ ಕೆಳಗೆ ಇಳಿಸದಿರುವುದು ವಿವೇಕ. ಇದು ದುಡಿದು ಸವೆಯುವುದಕ್ಕಿಂತ ಹಸಿದು ಸಾಯುವುದೇ ಹೆಚ್ಚು. ಬಹುದಿನ ಅರೆಹೊಟ್ಟೆಯಲ್ಲಿರಿಸಿದರೆ ಫಲಕಗಳ ಮೇಲೆ ಸೀಸದ ಲವಣ ಹರಳುಗಟ್ಟಿ ಬಲಿಯುತ್ತದೆ. ಆಮೇಲೆ ಎಷ್ಟು ಉಣಿಸಿದರೂ ಮೊದಲಿನಂತೆ ಉಣ್ಣದು. ಬಟ್ಟಿಯಿಳಿಸಿದ ನೀರನ್ನಲ್ಲದೆ ಬೇರೆ ನೀರನ್ನು ಅದು ಸಹಿಸದು. ಕಡಲಿನ ಉಪ್ಪುನೀರು ಅದರ ಆಮ್ಲವನ್ನು ಕೂಡಿದರಂತೂ ವಿಷವಾದ ಕ್ಲೋರಿನ್ ಹೊಗೆ ಏಳಬಹುದು. ಆದುದರಿಂದ ದೋಣಿಯಲ್ಲಿ ಅದನ್ನು ಬಿಗಿದು ಕಟ್ಟಬೇಕು, ನೀರು ತಾಗದಂತೆ ಮುಚ್ಚಬೇಕು, ತುಂಬುವಾಗ ಹೊರಡುವ ಜಲಜನಕ ಹೋಗಲು ಗಾಳಿಯ ದಾರಿಯನ್ನೂ ಬಿಡಬೇಕು.

ಈಗ ಆಯವ್ಯಯದ ಲೆಕ್ಕ. 100 ಆಂಪಿಯರ್-ಘಂಟೆಯ ಪೆಟ್ಟಿಗೆಯೆಂದರೆ 5 ಆಂಪಿಯರಿನಂತೆ 20 ಘಂಟೆ ಕೊಡಬಲ್ಲದು. ವಿವೇಕಿಯು ಮುಟ್ಟಬಹುದಾದುದು ಅದರಲ್ಲಿ 50 ಮಾತ್ರ. ಚುಕ್ಕಾಣಿ ಹಿಡಿಯುವ ವಿದ್ಯುದ್ಯಂತ್ರ ಸರಾಸರಿ 3 ಆಂಪಿಯರನ್ನು ನುಂಗಿದರೂ ದಿನಕ್ಕೆ 72 ಆಯಿತು. ಕಣಜಕ್ಕೆ ಅದೊಂದೇ ಇಲಿ ಸಾಕು! ಹಳೆಯ ತಂತುವಿನ 25 ವ್ಯಾಟಿನ ದೀಪ ಒಂದು ರಾತ್ರಿಗೆ 24ನ್ನು ಬೇಡುತ್ತಿತ್ತು. ಈಗಿನ ಎಲ್‌ಇಡಿ ದೀಪಕ್ಕೆ ಅದರ ಸಣ್ಣದೊಂದು ಪಾಲು ಸಾಕು. ಆಯದ ಕಡೆಗೆ ನೋಡಿದರೆ, 100 ವ್ಯಾಟಿನ ಸೌರಫಲಕ ನಿರಭ್ರವಾದ ದಿನದಲ್ಲಿ ಸುಮಾರು 30 ಆಂಪಿಯರ್-ಘಂಟೆಯನ್ನು ತರುತ್ತದೆ. ಹಾಯಿಯ ನೆರಳು ಅದರ ಮೂಲೆಯೊಂದಕ್ಕೆ ಬಿದ್ದರೂ ಗಳಿಕೆ ಬಹಳವಾಗಿ ಕುಗ್ಗುತ್ತದೆ. ಗಾಳಿಗಿರಣಿಗೆ ಗಾಳಿಯ ವೇಗ ಇಮ್ಮಡಿಸಿದರೆ ಶಕ್ತಿ ಎಂಟುಮಡಿ. ಆದರೆ ದೋಣಿ ಗಾಳಿಯೊಡನೆಯೇ ಓಡುವಾಗ ಆ ಗಾಳಿ ಗಿರಣಿಗೆ ಮಂದವಾಗುತ್ತದೆ. ನೀರಿನಲ್ಲಿ ಎಳೆಯುವ ತಿರುಗಣಿ ಹಗಲಿರುಳೂ ದುಡಿಯುವುದು, ತುಸು ವೇಗವನ್ನು ಸುಂಕವಾಗಿ ಕೇಳುವುದು. ಎಂಜಿನ್ನು ಬೇಗನೆ ತುಂಬಬಲ್ಲದು; ಆದರೆ ಸೀಸದ ಬ್ಯಾಟರಿ ತನ್ನ ಕಡೆಯ ಐದನೆಯ ಪಾಲನ್ನು ಘಂಟೆಗಟ್ಟಲೆ ಮೆಲ್ಲಮೆಲ್ಲನೆ ಉಣ್ಣುವುದರಿಂದ ಆ ಹೊತ್ತಿನಲ್ಲಿ ಎಣ್ಣೆ ವ್ಯರ್ಥ; ಅಲ್ಲಿಗೆ ಸೂರ್ಯನೇ ತಕ್ಕ ಬಾಣಸಿಗ. ಈಚಿನ ಲಿಥಿಯಂ ಬ್ಯಾಟರಿಗಳು ಹಗುರ, ನೂರರಲ್ಲಿ ಎಂಬತ್ತನ್ನು ಕೊಡಬಲ್ಲವು. ಕಾಯುವ ಮಂಡಲವೊಂದು ಅವುಗಳೊಡನೆ ಇರಲೇಬೇಕು.

ಎಲ್ಲಕ್ಕಿಂತ ದೊಡ್ಡ ಗಳಿಕೆಯೆಂದರೆ ಬೇಡದಿರುವುದು. ಗಾಳಿಗೆ ತಿರುಗುವ ಹಲಗೆಯೊಂದನ್ನು ಚುಕ್ಕಾಣಿಗೆ ಜೋಡಿಸಿದರೆ ಅದು ವಿದ್ಯುತ್ತಿನ ಒಂದು ಕಣವನ್ನೂ ಕೇಳದೆ ದಾರಿ ಹಿಡಿಯುತ್ತದೆ. ಮುಂಬಯಿಯಲ್ಲಿ ಕಟ್ಟಿದ 'ಸುಹೈಲಿ' ಎಂಬ 32 ಅಡಿಯ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್ಸ್ಟನ್ 1968-69ರಲ್ಲಿ ಒಂಟಿಯಾಗಿ, ಎಲ್ಲಿಯೂ ತಂಗದೆ 312 ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಿದರು. ನಡುದಾರಿಯಲ್ಲಿ ಅವರ ರೇಡಿಯೋ ಮೂಕವಾಯಿತು. ಆದರೂ ದೋಣಿ ನಡೆಯಿತು. ದಡದವರು ಮಾತ್ರ ತಿಂಗಳುಗಟ್ಟಲೆ ಅವರು ಇದ್ದಾರೋ ಇಲ್ಲವೋ ಎಂದು ಕಾಯಬೇಕಾಯಿತು.

ಆ 'ಸುಹೈಲಿ'ಯ ಪ್ರತಿಕೃತಿಯನ್ನು ಮತ್ತೆ ಅದೇ ಮಾಂಡವಿಯ ದ್ವೀಪದಲ್ಲಿ ಕಟ್ಟಿ 'ತುರೀಯ' ಎಂದು ಹೆಸರಿಟ್ಟರು. ಎಚ್ಚರ, ಕನಸು, ಗಾಢನಿದ್ರೆಗಳೆಂಬ ಮೂರು ಅವಸ್ಥೆಗಳನ್ನು ಮೀರಿದ ನಾಲ್ಕನೆಯದಕ್ಕೆ ತುರೀಯವೆಂದು ಹೆಸರು. ದೋಣಿಗೆ ಇದಕ್ಕಿಂತ ಗಂಭೀರವಾದ ಹೆಸರು ದೊರೆಯದು. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂಮಹಾಸಾಗರದ ಬಿರುಗಾಳಿ ಅದನ್ನು ಮಗುಚಿ ಪಟಸ್ತಂಭವನ್ನು ಮುರಿಯಿತು. ಟೋಮಿಯವರ ಬೆನ್ನೆಲುಬಿಗೆ ಏಟು ಬಿದ್ದು ಏಳಲಾಗದೆ ಹೋಯಿತು. ದೊಡ್ಡ ಉಪಗ್ರಹ ದೂರವಾಣಿ ಕೆಟ್ಟಿತ್ತು, ಇನ್ನೊಂದು ಕೈಗೆಟುಕದಾಗಿತ್ತು. ಆಗ ಉಳಿದ ನಾಲಗೆಯೆಂದರೆ ಅಂಗೈಯಗಲದ ಒಂದು ಸಂದೇಶಯಂತ್ರ, ಅದರೊಳಗಿನ ಪುಟ್ಟ ಬ್ಯಾಟರಿ. ಅದರಿಂದ ಹೊರಟ ಕೆಲವೇ ಮಾತುಗಳು ದಡವನ್ನು ಮುಟ್ಟಿದವು, ವಿಮಾನಗಳು ಹುಡುಕಿದವು, 24ರಂದು ಫ್ರಾನ್ಸಿನ 'ಒಸಿರಿಸ್' ಎಂಬ ಹಡಗು ಅವರನ್ನು ಎತ್ತಿಕೊಂಡಿತು. ಅದೇ ನಾವಿಕರು ಮತ್ತೆ ಹೊರಟು 2023ರ ಏಪ್ರಿಲಿನಲ್ಲಿ ಆ ಪಂದ್ಯದ ಎರಡನೆಯ ಸ್ಥಾನವನ್ನು ಪಡೆದರು.

ದೊಡ್ಡ ಕಣಜ ಒಡೆದ ದಿನ ಬೇರೆಯಾಗಿ ಎತ್ತಿಟ್ಟ ಹಿಡಿ ಬೀಜವೇ ಕುಲವನ್ನು ಉಳಿಸುವುದೆಂದು ಒಕ್ಕಲಿಗನು ಬಲ್ಲ. ದೀಪವೊಂದು, ಚುಕ್ಕಾಣಿಯೊಂದು, ನಾಲಗೆಯೊಂದು: ಇವುಗಳಲ್ಲಿ ಯಾವುದಕ್ಕೆ ಎಷ್ಟೆಂದು ಬಿರುಗಾಳಿ ಬರುವ ಮೊದಲೇ ಅಳೆದಿಟ್ಟವನಿಗೆ ಕತ್ತಲೆಯಲ್ಲಿಯೂ ಮಾತು ಉಳಿಯುತ್ತದೆ. ಖಾನಾಪುರದ ಮಳೆಯಲ್ಲಿ ಈ ಅಳತೆ ತಪ್ಪಿದರೆ ಒಂದು ರಾತ್ರಿಯ ಓದು ನಿಲ್ಲುವುದು. ನಡುಗಡಲಿನಲ್ಲಿ ತಪ್ಪಿದರೆ ಕರೆಯುವ ದನಿಯೇ ನಿಲ್ಲುವುದು.