ಶುಗರ್ ಫ್ರೀ ಸಿರಪ್ಪು ಮತ್ತು ಅವ್ವನ ಹೊಟ್ಟೆ

ತಿಕೋಟಾದಲ್ಲಿರೋ ಅವ್ವನಿಗೆ ಹೋದ ತಿಂಗಳು ನೆಗಡಿ, ಕೆಮ್ಮು. ಸಕ್ಕರೆ ಕಾಯಿಲೆ ಇದೆಯಲ್ಲ, ಅಂಗಡಿಯವರು ಶುಗರ್ ಫ್ರೀ ಸಿರಪ್ಪು ಕೊಟ್ಟರು. ಎರಡನೇ ದಿನ ಫೋನು: "ಹೊಟ್ಟಿ ಗುಡುಗುಡು ಅಂತೈತಿ, ನಾಕು ಸಲ ಹೋಗಿ ಬಂದೆ."

ಮೊದಲು ಬೈಸಿಕೊಂಡಿದ್ದು ಪಾಪ ಮಜ್ಜಿಗೆ. ಆಮೇಲೆ ಬಬಲೇಶ್ವರದ ಚಿಗವ್ವ, "ಶುಗರ್ ಗುಳಿಗಿಂದ ಹಂಗಾಗೇತಿ, ಬಿಟ್ಟಬಿಡು" ಅಂದಳು. ನನಗೆ ಭಯವಾಗಿದ್ದು ಆಗಲೇ. ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸೋದುಂಟು, ನಿಜ. ಆದ್ರೆ ಅವ್ವ ಅದನ್ನ ಆರು ವರ್ಷದಿಂದ ನುಂಗ್ತಿದ್ದಾಳೆ. ಹೊಸದಾಗಿ ಬಂದಿದ್ದು ಸಿರಪ್ಪು ಮಾತ್ರ!

ಹೋಗಿ ಬಾಟಲಿ ನೋಡಿದೆ. ಕೆಮ್ಮಿನ ಔಷಧಿಗೆ ಮಿಲಿಗ್ರಾಂ ಲೆಕ್ಕ. ಕೊನೆಗೆ ಇರುವೆಯಂಥ ಅಕ್ಷರದಲ್ಲಿ "ಸಾರ್ಬಿಟಾಲ್ ಬೇಸ್". ಅದೆಷ್ಟು ಅಂತ ಬರೆದಿಲ್ಲ.

ಸಾರ್ಬಿಟಾಲ್ ಅಂದ್ರೆ ಸಕ್ಕರೆ ಬದಲು ಹಾಕೋ ಸಿಹಿ. ಸೇಬು, ಪೇರುಹಣ್ಣಲ್ಲೂ ಇರತ್ತೆ. ಸಣ್ಣಕರುಳು ಇದನ್ನ ಪೂರ್ತಿ ಹೀರಿಕೊಳ್ಳಲ್ಲ. ಉಳಿದದ್ದು ದೊಡ್ಡಕರುಳಿಗೆ ಇಳಿದು ನೀರು ಎಳೆಯತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಹುಳಿಸಿ ಗ್ಯಾಸ್ ಮಾಡ್ತವೆ. ದಿನಕ್ಕೆ 10 ಗ್ರಾಂ ಒಳಗೆ ಹೋದ್ರೂ ಹಲವರಿಗೆ ಹೊಟ್ಟೆಯುಬ್ಬರ, 20 ಆದ್ರೆ ಭೇದಿ. ಮಲಬದ್ಧತೆಗೆ ಇದನ್ನೇ ಔಷಧಿಯಾಗಿ ಕೊಡೋದೂ ಉಂಟು. ಅವ್ವ ಕುಡಿದದ್ದು ದಿನಕ್ಕೆ ಮೂರು ಸಲ, ಎರಡೆರಡು ಚಮಚ.

ವಿಜಯಪುರಕ್ಕೆ ಕರೆದೊಯ್ದೆ (2014ರಲ್ಲಿ ಹೆಸರು ಬದಲಾದರೂ ಅವ್ವನಿಗೆ ಅದಿನ್ನೂ ಬಿಜಾಪುರ). ಡಾಕ್ಟರು ಬಾಟಲಿ ತಿರುಗಿಸಿ ನೋಡಿ ಸಿರಪ್ಪು ನಿಲ್ಲಿಸಿದರು, ರಕ್ತದ ಸಕ್ಕರೆ ನೋಡಿ, "ಗುಳಿಗಿ ನನ್ನ ಕೇಳದ ಬಿಡಬ್ಯಾಡ್ರಿ" ಅಂದರು. ಎರಡು ದಿನಕ್ಕೆ ಹೊಟ್ಟೆ ಸರಿಹೋಯ್ತು. ಮಜ್ಜಿಗೆಯೂ ವಾಪಸ್ ಬಂತು :-)

ನಿಮ್ಮನೆ ಬಾಟಲಿ ಮೇಲೆ ಏನಿದೆ? ಒಮ್ಮೆ ನೋಡಿ ಹೇಳ್ರಿ.