ಗೋಡೆಗೆ ಮುಖ ತಿರುಗಿಸಿದ ಫ್ಲ್ಯಾಷು

ಮದುವೆ ಮನೆಯಲ್ಲಿ ಫೋಟೋದವರು ನಮ್ಮ ಎಲೆಯ ಮುಂದೆ ಬರುವುದು ಸರಿಯಾಗಿ ನಾವು ಹೋಳಿಗೆ ಮುರಿದು ಬಾಯಿಗಿಡುವ ಹೊತ್ತಿಗೇ. ಇದೇನು ಲೆಕ್ಕಾಚಾರವೋ ನನಗೆ ಇದುವರೆಗೂ ತಿಳಿದಿಲ್ಲ. ಎದುರಿಗೆ ನಿಂತು ಫಳ್ಳನೆ ಒಂದು ಮಿಂಚು ಹೊಡೆದು ಪಕ್ಕದ ಎಲೆಗೆ ಹೋಗಿಬಿಡುತ್ತಾರೆ. ನಮಗೆ ಎಲೆಯಲ್ಲಿ ಪಲ್ಯ ಯಾವುದು ಕೋಸಂಬರಿ ಯಾವುದು ಎಂದು ಕಾಣಲು ಅರ್ಧ ನಿಮಿಷ ಬೇಕು. ಆರು ತಿಂಗಳ ಮೇಲೆ ಆಲ್ಬಮ್ಮು ನೋಡಿದರೆ ಹಣೆ ಹೊಳೆಯುತ್ತಿರುತ್ತದೆ, ಮೂಗಿನ ತುದಿ ಹೊಳೆಯುತ್ತಿರುತ್ತದೆ, ಕಣ್ಣು ಎರಡು ಕೆಂಡ, ಬೆನ್ನ ಹಿಂದಿನ ಗೋಡೆಗೆ ಕರ್ರಗೆ ಒಂದು ನೆರಳು ಅಂಟಿಕೊಂಡಿರುತ್ತದೆ. "ಇವರು ಯಾರು?" ಎಂದು ನಮ್ಮ ಫೋಟೋ ನೋಡಿ ನಾವೇ ಕೇಳಬೇಕು.

ಇದನ್ನೆಲ್ಲ ನಕ್ಕು ಮರೆಯಬಹುದು. ಆದರೆ ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಫೋಟೋ ಎಂಬುದು ನಗೆಯ ವಿಷಯವಾಗಿರಲಿಲ್ಲ. ನಾನು ಎಣ್ಣೆಗಪ್ಪು. ನಮ್ಮಮ್ಮನೂ ಹಾಗೇ. 1993ರಲ್ಲಿ, ನಾವು ಯಶವಂತಪುರದಲ್ಲಿದ್ದಾಗ, ಗಂಡಿನ ಕಡೆಯವರಿಗೆ ಕೊಡಲು ನನ್ನ ಫೋಟೋ ತೆಗೆಸಬೇಕಾಯಿತು. ಮಹಾತ್ಮ ಗಾಂಧಿ ರಸ್ತೆಯ ಜಿ.ಕೆ. ವೇಲ್‌ಗೆ ಹೋಗೋಣ ಎಂದು ನನಗೆ ಆಸೆ. 1910ರಲ್ಲಿ ಶುರುವಾದ ಹೆಸರಾಂತ ಸ್ಟುಡಿಯೋ ಅದು. "ಅಷ್ಟು ದೂರ ಯಾಕೆ, ಮುಖ ಇದೇ ತಾನೆ?" ಎಂದರು ಅಪ್ಪ. ಹತ್ತಿರದ ಸ್ಟುಡಿಯೋದವರು ನನ್ನನ್ನು ಒಮ್ಮೆ ನೋಡಿ, ಪೌಡರ್ ಡಬ್ಬಿ ಮುಂದಿಟ್ಟು, "ಲೈಟು ಜಾಸ್ತಿ ಕೊಡ್ತೀನಮ್ಮ, ಬಣ್ಣ ಬರುತ್ತೆ" ಎಂದರು. ಕ್ಯಾಮೆರಾದ ನೆತ್ತಿಯ ಮೇಲೆ ಕೂತಿದ್ದ ಫ್ಲ್ಯಾಷನ್ನು ನೇರ ಮುಖಕ್ಕೇ ಹೊಡೆದರು. ಬಣ್ಣವೇನೋ ಬಂತು. ಮೂಗು ಹೋಯಿತು, ಗಲ್ಲ ಹೋಯಿತು, ಕೆನ್ನೆಯ ಮೇಲಿನ ಮಚ್ಚೆಯೂ ಹೋಯಿತು. ಬಿಳಿ ತಟ್ಟೆಯ ಮೇಲೆ ಕಣ್ಣು, ಹುಬ್ಬು ಬರೆದ ಹಾಗೆ.

ಆ ಫೋಟೋ ನೋಡಿ ಒಂದು ಮನೆಯವರು ಬಂದರು. ಹುಡುಗನ ಅತ್ತೆಯೊಬ್ಬರು ಚೀಲದಿಂದ ಫೋಟೋ ತೆಗೆದು, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ, "ಇದರಲ್ಲಿ ಬೆಳ್ಳಗಿದ್ದಾಳಲ್ಲ" ಎಂದರು. ಅಮ್ಮ ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಅವಳು ತಲೆ ತಗ್ಗಿಸಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ನಮ್ಮವರ ಮನೆಯವರು ಆಮೇಲೆ ಯಾರದೋ ನಾಮಕರಣದಲ್ಲಿ ನನ್ನನ್ನೇ ನೋಡಿ ಒಪ್ಪಿದರೆನ್ನಿ. ಫೋಟೋದ ಕಾಟ ತಪ್ಪಿತು.

ಇಷ್ಟು ವರ್ಷದ ಮೇಲೆ ಈ ಸಂಗತಿಗೆ ಅರ್ಥ ಹೇಳಿದವನು ನನ್ನ ಅಕ್ಕನ ಮಗ. ಆರ್.ಟಿ. ನಗರದಲ್ಲಿದ್ದಾನೆ. ಎಂಜಿನಿಯರಿಂಗ್ ಓದಿ ಮದುವೆ ಫೋಟೋ ತೆಗೆಯುತ್ತಾನೆ. (ಅಕ್ಕ ಮೊದಲ ಎರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.) ಒಂದು ಭಾನುವಾರ ಯಲಹಂಕದ ನಮ್ಮ ಮನೆಗೆ ಬಂದವನ ಚೀಲದಲ್ಲಿ ಎರಡು ಪುಟ್ಟ ಫ್ಲ್ಯಾಷುಗಳಿದ್ದವು. ಒಂದೊಂದೂ ಅಂಗೈಯಲ್ಲಿ ಹಿಡಿಯುವಷ್ಟು, ಒಳಗೆ ನಾಲ್ಕು ಪೆನ್ಸಿಲ್ ಸೆಲ್ಲು. "ಇಷ್ಟು ಸಣ್ಣದರಿಂದ ಅಷ್ಟು ಬೆಳಕೇನೋ?" ಎಂದೆ. ಸೆಲ್ಲಿನ ಆರು ವೋಲ್ಟನ್ನು ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟಿಗೆ ಏರಿಸಿ ಕೂಡಿಟ್ಟು, ಕ್ಸೆನಾನ್ ಅನಿಲ ತುಂಬಿದ ಗಾಜಿನ ಕೊಳವೆಯಲ್ಲಿ ಒಂದೇ ಸಲಕ್ಕೆ ಬಿಟ್ಟುಬಿಡುತ್ತದಂತೆ. ಪೂರ್ತಿ ಶಕ್ತಿಯಲ್ಲೂ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಹಿಂದೆ ಮೆಗ್ನೀಸಿಯಮ್ ಪುಡಿಗೆ ಬೆಂಕಿ ಹಚ್ಚಿ ಹೊಗೆಯ ನಡುವೆ ಫೋಟೋ ತೆಗೆಯುತ್ತಿದ್ದರು. 1930ರ ಹೊತ್ತಿಗೆ ಒಂದೇ ಸಲ ಉರಿದು ಮುಗಿಯುವ ಬಲ್ಬು ಬಂತು. ಅಮೆರಿಕದ ಎಂ.ಐ.ಟಿ.ಯ ಹೆರಾಲ್ಡ್ ಎಜರ್ಟನ್ ಎಂಬ ಪ್ರೊಫೆಸರು 1930ರ ದಶಕದಲ್ಲಿ ಮತ್ತೆ ಮತ್ತೆ ಮಿಂಚುವ ಎಲೆಕ್ಟ್ರಾನಿಕ್ ಫ್ಲ್ಯಾಷನ್ನು ರೂಢಿಗೆ ತಂದರು. ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು, ಇದಕ್ಕಿಂತ ಹೆಚ್ಚು ಬಿಡಿಸಿ ಹೇಳೆಂದರೆ ನನ್ನ ಕೈಲಾಗದು.

"ಚಿಕ್ಕಮ್ಮ, ತಪ್ಪು ಫ್ಲ್ಯಾಷಿಂದಲ್ಲ, ಅದು ಕೂರೋ ಜಾಗದ್ದು" ಎಂದ ಅವನು. ಕ್ಯಾಮೆರಾದ ಕಣ್ಣಿನ ಪಕ್ಕದಿಂದಲೇ ಬೆಳಕು ಹೊರಟರೆ ಅದು ನಮ್ಮ ಕಣ್ಣಿನ ಒಳಗೋಡೆಯ ರಕ್ತನಾಳಗಳಿಗೆ ತಾಗಿ ಹಾಗೇ ವಾಪಸಾಗುತ್ತದೆ. ಅದಕ್ಕೇ ಕೆಂಪು ಕಣ್ಣು. ಮುಖದ ಏರುತಗ್ಗಿಗೆಲ್ಲ ಒಂದೇ ಸಮ ಬೀಳುವುದರಿಂದ ನೆರಳಿಲ್ಲ, ನೆರಳಿಲ್ಲದ ಮೇಲೆ ಮೂಗೂ ಇಲ್ಲ. ಚಿಕ್ಕ ದೀಪದ ನೆರಳಿಗೆ ಕತ್ತಿಯ ಅಲಗಿನಂಥ ಅಂಚು. ದೀಪ ದೊಡ್ಡದಾದಷ್ಟೂ ಅಂಚು ಮೆತ್ತಗೆ. ಹಾಗಾದರೆ ಚೀಲದಲ್ಲಿ ಹಿಡಿಯುವ ದೀಪವನ್ನು ದೊಡ್ಡದು ಮಾಡುವುದು ಹೇಗೆ? ಅದರ ಮುಖವನ್ನು ಗೋಡೆಗೆ ತಿರುಗಿಸುವುದು! ಆಗ ಗೋಡೆಯೇ ದೀಪ.

ನಮ್ಮಮ್ಮ ಅಡುಗೆಮನೆಯ ಬಾಗಿಲ ಹತ್ತಿರ ಕೂತು ಅವರೇಕಾಳು ಹಿತುಕುತ್ತಿದ್ದಳು. ಅವನು ಅವಳನ್ನು ಏಳಿಸಲಿಲ್ಲ, ಪೌಡರ್ ಹಚ್ಚಿಸಲಿಲ್ಲ. ಒಂದು ಫ್ಲ್ಯಾಷನ್ನು ಪಕ್ಕದ ಸ್ಟೂಲಿನ ಮೇಲೆ, ಎಡಗಡೆಯ ಬಿಳಿ ಗೋಡೆಗೆ ಮುಖ ಮಾಡಿ ಇಟ್ಟ. ಈಗ ಕ್ಯಾಮೆರಾಕ್ಕೂ ಫ್ಲ್ಯಾಷಿಗೂ ತಂತಿಯೂ ಬೇಡ, ರೇಡಿಯೋ ಸಂಕೇತದಲ್ಲೇ ಮಾತಾಡಿಕೊಳ್ಳುತ್ತವೆ. ಚಿತ್ರ ನೋಡಿ ನಾನು ಸುಮ್ಮನಾದೆ. ಗರ್ಭಗುಡಿಯಲ್ಲಿ ಟ್ಯೂಬ್‌ಲೈಟು ಹಾಕಿದರೆ ಕಪ್ಪು ಕಲ್ಲಿನ ದೇವರ ಮುಖ ಸರಿಯಾಗಿ ಕಾಣುವುದಿಲ್ಲ. ಅರ್ಚಕರು ಮಂಗಳಾರತಿಯನ್ನು ಪಕ್ಕಕ್ಕೆ ತಂದಾಗ ಕೆನ್ನೆ ಏಳುತ್ತದೆ, ತುಟಿ ತಿರುವುತ್ತದೆ. ನಾವೆಲ್ಲ ನೋಡಿಯೇ ಇದ್ದೇವೆ. ಅಮ್ಮನ ಮುಖ ಹಾಗಿತ್ತು. ಕಪ್ಪು ಕಪ್ಪಾಗಿಯೇ ಇತ್ತು. ಕೆನ್ನೆಯ ಮೂಳೆಯ ಮೇಲೆ ಮಾತ್ರ ಒಂದು ಹೊಳಪು, ಮೂಗುಬಟ್ಟಿನಲ್ಲಿ ಒಂದು ಚುಕ್ಕಿ, ಸುಕ್ಕುಗಳೆಲ್ಲ ಸ್ವಸ್ಥಾನದಲ್ಲಿ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ನಮ್ಮಮ್ಮ ಕೂತ ಹಾಗಿದೆಯಲ್ಲೋ" ಎಂದಳು. ನಮ್ಮಜ್ಜಿಯ ಫೋಟೋ ಒಂದೂ ಇಲ್ಲ.

ಬಣ್ಣದ ಈ ರಗಳೆ ನಮ್ಮ ಸ್ಟುಡಿಯೋದವರೊಬ್ಬರದೇ ಅಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಕೊಡಾಕ್ ಕಂಪನಿಯವರು ಬಣ್ಣದ ಪ್ರಿಂಟು ಸರಿಯಿದೆಯೇ ಎಂದು ಹೋಲಿಸಿ ನೋಡಲು ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿದ್ದರು. ಅದರಲ್ಲಿ ಒಬ್ಬ ಬಿಳಿಯ ಹೆಂಗಸಿನ ಚಿತ್ರ. ಮೊದಲು ಹಾಗೆ ಕೂತವಳ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡು ಎಂದೇ ಹೆಸರಾಯಿತು. ಅವಳ ಚರ್ಮ ಚೆನ್ನಾಗಿ ಬಂದರೆ ಎಲ್ಲ ಚೆನ್ನ ಎಂದು ಲೆಕ್ಕ. ಕಂದು ಬಣ್ಣಗಳು ಸರಿಯಾಗಿ ಬರುತ್ತಿಲ್ಲ ಎಂದು ಕಂಪನಿಗೆ ದೂರು ಕೊಟ್ಟವರಲ್ಲಿ ಮುಖ್ಯರು ಯಾರು ಗೊತ್ತೇ? ಚಾಕೊಲೇಟು ಮಾಡುವವರು, ಮರದ ಪೀಠೋಪಕರಣ ಮಾಡುವವರು. ಮೇಜು ಕುರ್ಚಿಗೆ ಸಿಕ್ಕ ಮರ್ಯಾದೆ ಮನುಷ್ಯರ ಮುಖಕ್ಕೆ ಸಿಕ್ಕಿರಲಿಲ್ಲ. ನಮ್ಮ ದೇಶದ್ದೂ ಹೇಳಬೇಕಲ್ಲ: 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದುಹಾಕಿದ್ದು 2020ರಲ್ಲಿ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಕಪ್ಪುಬಿಳುಪು ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನವಾದವು. ಆ ಮಕ್ಕಳು ನಮ್ಮ ನಿಮ್ಮ ಬಣ್ಣದವರೇ.

ಇಷ್ಟು ತಿಳಿದ ಮೇಲೆ ನಾನು ಸುಮ್ಮನಿರುವುದು ಹೇಗೆ? ನಮ್ಮದು ಹೆಬ್ಬಾಳದ ಕಡೆಯ ಒಂದು ಹೈಸ್ಕೂಲು. ಎಸ್ಸೆಸ್ಸೆಲ್ಸಿ ಮಕ್ಕಳ ಗ್ರೂಪ್ ಫೋಟೋವನ್ನು ಪ್ರತಿ ವರ್ಷ ಸಭಾಂಗಣದ ಅರೆಗತ್ತಲಲ್ಲಿ ಕ್ಯಾಮೆರಾದ ಫ್ಲ್ಯಾಷಿನಲ್ಲಿಯೇ ತೆಗೆಯುತ್ತಾರೆ. ದೂರ ಎರಡರಷ್ಟಾದರೆ ಫ್ಲ್ಯಾಷಿನ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಹಾಗಾಗಿ ಮುಂದೆ ಕೂತ ನಾವು ಮೇಷ್ಟರುಗಳು ಸುಣ್ಣ ಹೊಡೆಸಿಕೊಂಡವರ ಹಾಗೆ, ಹಿಂದಿನ ಬೆಂಚು ಹತ್ತಿ ನಿಂತ ಮಕ್ಕಳು ಇದ್ದಾರೋ ಇಲ್ಲವೋ ಎಂಬ ಹಾಗೆ. ಕಪ್ಪಗಿರುವ ಉದ್ದನೆಯ ಹುಡುಗಿಯರ ಪಾಡು ಕೇಳಲೇಬೇಡಿ. ಗ್ರೂಪ್ ಫೋಟೋ ಏನಾದರೂ ಇರಲಿ, ಹುಡುಗಿಯರಿಗೆ ಒಂದೊಂದು ಒಳ್ಳೆಯ ಚಿತ್ರ ಇರಲಿ ಎಂದು ಹೆಡ್ ಮೇಡಂ ಅವರನ್ನು ಒಪ್ಪಿಸಿ ಅಕ್ಕನ ಮಗನನ್ನು ಕರೆಸಿದೆ. ದುಡ್ಡು ಬೇಡವೆಂದ, ಮಧ್ಯಾಹ್ನದ ಊಟ ನಮ್ಮ ಡಬ್ಬಿಗಳಿಂದ.

ಸ್ಟಾಫ್ ರೂಮಿನ ಗೋಡೆಯದು ಪಿಸ್ತಾ ಹಸಿರು. ಅದಕ್ಕೆ ಬೆಳಕು ಹೊಡೆದರೆ ಹುಡುಗಿಯರೆಲ್ಲ ಪಿತ್ತ ಕೆದರಿದವರಂತೆ ಕಂಡರು. ಗೋಡೆಯ ಬಣ್ಣವನ್ನೂ ಬೆಳಕು ಹೊತ್ತು ತರುತ್ತದೆಂದು ಆಗ ತಿಳಿಯಿತು. ಸ್ಟೇಷನರಿ ಅಂಗಡಿಯಿಂದ ಎರಡು ದೊಡ್ಡ ಥರ್ಮಕೋಲ್ ಹಾಳೆ ತರಿಸಿದೆವು. ಫ್ಲ್ಯಾಷನ್ನು ಕಿಟಕಿಯ ಸರಳಿಗೆ ಕಟ್ಟಿ, ಒಂದು ಹಾಳೆಯನ್ನು ಅದರೆದುರು ಬೀರುವಿಗೆ ಒರಗಿಸಿದೆವು. ಇನ್ನೊಂದನ್ನು, ನೆರಳಿನ ಕಡೆಗೆ ಒಂದಿಷ್ಟು ಬೆಳಕು ಮರಳಿ ಬೀಳಲೆಂದು, ನಾನು ಹಿಡಿದು ನಿಂತೆ. ಕೈ ನೋವು ಮೂರು ದಿನ ಇತ್ತು. ಇನ್ನೊಂದು ಸೂಕ್ಷ್ಮ: ಬಿಳಿ ಯೂನಿಫಾರಂ ಎದುರಿಗಿದ್ದರೆ ಕ್ಯಾಮೆರಾ ಮೋಸ ಹೋಗಿ ಚಿತ್ರವನ್ನೆಲ್ಲ ಕಪ್ಪಾಗಿಸುತ್ತದೆ. ಆದ್ದರಿಂದ ಅವನು ಅಳತೆಯನ್ನು ಅದರ ಪಾಡಿಗೆ ಬಿಡದೆ, ಮುಖ ನೋಡಿ ತಾನೇ ಇಟ್ಟುಕೊಂಡ.

ಫೋಟೋ ಎಂದರೆ ದುಪಟ್ಟಾದಲ್ಲಿ ಮುಖ ಮುಚ್ಚುವ ಹುಡುಗಿಯೊಬ್ಬಳು ನಮ್ಮಲ್ಲಿದ್ದಳು. ಓದಿನಲ್ಲಿ ಚುರುಕು, ಕಬಡ್ಡಿಯಲ್ಲಿ ಇನ್ನೂ ಚುರುಕು. ಕೊನೆಯಲ್ಲಿ ಬಂದು, "ಮಿಸ್, ಇದಕ್ಕೆ ಫಿಲ್ಟರ್ ಹಾಕ್ತಾರಾ?" ಎಂದು ಪಿಸುಗುಟ್ಟಿದಳು. ಇಲ್ಲವೆಂದೆ. ಹೋಗಿಬಿಡುತ್ತಾಳೆ ಎಂದುಕೊಂಡೆ. ಸ್ವಲ್ಪ ಹೊತ್ತು ನಿಂತು, ಸ್ಟೂಲಿನ ಮೇಲೆ ಕೂತಳು. ಅಕ್ಕನ ಮಗ ಅವಳಿಗೆ ನಗು ಎನ್ನಲಿಲ್ಲ, ಕಬಡ್ಡಿಯಲ್ಲಿ ಎಷ್ಟು ಜನರನ್ನು ಔಟ್ ಮಾಡಿದ್ದೀಯ ಎಂದು ಕೇಳಿದ. ಅವಳು ಗಲ್ಲ ಎತ್ತಿ ಲೆಕ್ಕ ಹೇಳತೊಡಗಿದಾಗ ಗುಂಡಿ ಒತ್ತಿದ.

ವಾರದ ಮೇಲೆ ಪ್ರಿಂಟು ಹಂಚುವ ದಿನ ಅವಳಮ್ಮ ಗಾರ್ಮೆಂಟ್ಸಿನಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ಮೇಡಂ. ಒಂಚೂರು ಬೆಳ್ಳಗೆ ಮಾಡೋಕೆ ಬರ್ತಿರಲಿಲ್ವಾ?" ಎಂದು ಸಂಕೋಚದಿಂದಲೇ ಕೇಳಿದರು. ಏನು ಹೇಳಲೆಂದು ನಾನು ಮಾತು ಹುಡುಕುತ್ತಿದ್ದೆ. ಹುಡುಗಿ ಅಮ್ಮನ ಕೈಯಿಂದ ಚಿತ್ರ ತೆಗೆದುಕೊಂಡು, "ಬೇಡಮ್ಮ" ಎಂದು ಗಣಿತದ ಪುಸ್ತಕದೊಳಗೆ ಇಟ್ಟುಕೊಂಡಳು.