ಹದಿನಾಲ್ಕು ಅಡಿಯ ಪಡಸಾಲೆ

ಸಾಲಹಳ್ಳಿಯ ನಮ್ಮ ಹಳೆಯ ಮನೆಯ ಪಡಸಾಲೆ 14 ಅಡಿ ಅಗಲ, 12 ಅಡಿ ಉದ್ದ ಇತ್ತು. ಇಷ್ಟು ಖಚಿತವಾಗಿ ಹೇಳಲು ಕಾರಣ ಬಾಬಾ. ಅವರು ದರ್ಜಿ. ಕೊರಳಲ್ಲಿ ಸದಾ ಟೇಪು ತೂಗುತ್ತಿದ್ದ ಅವರಿಗೆ ಕಂಡದ್ದನ್ನೆಲ್ಲ ಅಳೆಯುವ ಚಟ. ಅವರು ಹೋದ ಮೇಲೆ ಆ ಟೇಪು ನನಗೆ ಬಂತು. ಅಣ್ಣನಿಗೆ ಹೊಲಿಗೆ ಯಂತ್ರ, ತಮ್ಮನಿಗೆ ಅಂಗಡಿಯ ಜಾಗ.

2019ರ ಆಗಸ್ಟ್ ಮಳೆಯನ್ನು ರಾಮದುರ್ಗ ತಾಲೂಕಿನವರು ಮರೆಯಲಾರರು. ಮಲಪ್ರಭೆ ದಂಡೆಯ ಊರುಗಳಿಗೆ ಹೊಳೆಯೇ ನುಗ್ಗಿತು. ಹೊಳೆ ಮುಟ್ಟದ ಕಡೆಯೂ ಮಣ್ಣಿನ ಮಾಳಿಗೆ ಮನೆಗಳು ನೀರು ಕುಡಿದು ಕುಸಿದವು. ನಮ್ಮ ಮನೆಯ ಹಿಂದಿನ ಗೋಡೆ ಒಂದು ರಾತ್ರಿ ಬಿತ್ತು. ಮುಂದಿನ ಪಡಸಾಲೆ ಉಳಿಯಿತು. ಗೋಡೆ ಬಿದ್ದದ್ದೇ ನೆಪವಾಗಿ ಬಹಳ ದಿನಗಳಿಂದ ಒಳಗೊಳಗೇ ಇದ್ದ ಪಾಲಿನ ಮಾತು ಹೊರಗೆ ಬಂತು. ಜನವರಿಯಲ್ಲಿ ಮನೆ ಕೆಡವುವುದು, ಆ ಜಾಗದಲ್ಲಿ ಎರಡು ಮನೆ ಕಟ್ಟುವುದು, ನಡುವಿನ ಗೋಡೆ ಸರಿಯಾಗಿ ಪಡಸಾಲೆಯ ಏಳನೆಯ ಅಡಿಗೆ ಬರುವುದು ಎಂದು ಹಿರಿಯರ ಮುಂದೆ ತೀರ್ಮಾನವಾಯಿತು. ಅಷ್ಟರೊಳಗೆ ಅಣ್ಣ ತಮ್ಮ ಮಾತು ಬಿಟ್ಟಿದ್ದರು. ನಾನು ಧಾರವಾಡದಲ್ಲಿ ನೌಕರಿಯಲ್ಲಿದ್ದವನು. ನನ್ನ ಪಾಲು ಬೇಡವೆಂದೆ. ಪಾಲು ಬಿಟ್ಟವನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ನನಗೆ ಬೇಕಾಗಿದ್ದುದು ಒಂದು ಫೋಟೋ. ಆ ಪಡಸಾಲೆಯಲ್ಲಿ ಎಲ್ಲರೂ ಇರುವ ಒಂದೇ ಒಂದು ಫೋಟೋ. ಮನೆಯಲ್ಲಿ ಇದ್ದದ್ದು ರಾಮದುರ್ಗದ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ತೆಗೆಸಿದ್ದು, ಮತ್ತು ಅಮ್ಮನ ಪಡಿತರ ಚೀಟಿಯ ಚಿತ್ರ. ನಾವು ಹುಟ್ಟಿ, ಬೆಳೆದು, ಜಗಳವಾಡಿದ ಜಾಗ ಮಾತ್ರ ಯಾವುದರಲ್ಲೂ ಇಲ್ಲ.

ರಾಮದುರ್ಗದಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬನಿದ್ದಾನೆ. ಅವನ ಹತ್ತಿರ ನಿಕಾನ್ ಡಿ700 ಎಂಬ 2008ರ ಕ್ಯಾಮರಾ ಇತ್ತು. ಹಳೆಯ ಫಿಲ್ಮಿನ ಅಳತೆಯದೇ ಸೆನ್ಸರ್, ಅಂದರೆ ಫುಲ್ ಫ್ರೇಮ್. ಅದಕ್ಕಿದ್ದ 50 ಎಂಎಂ ಲೆನ್ಸಿನಲ್ಲಿ ಹೊಸ್ತಿಲಿಗೆ ಬೆನ್ನು ಹಚ್ಚಿ ನೋಡಿದೆ. ಅರ್ಧ ಗೋಡೆ ಕಂಡಿತು. ಇನ್ನೂ ಹಿಂದೆ ಸರಿಯಲು ಜಾಗವಿಲ್ಲ. ಮೊಬೈಲಿನಲ್ಲಿ ಇಡೀ ಕೋಣೆ ಹಿಡಿಯುತ್ತಿತ್ತು, ಸುಳ್ಳು ಹೇಳಲಾರೆ. ಆದರೆ ಆ ಅರೆಗತ್ತಲೆಯಲ್ಲಿ ಮುಖಗಳು ಹಿಟ್ಟು ಮೆತ್ತಿದ ಹಾಗೆ ಬಂದವು. ಗೋಡೆಗೆ ತೂಗುಹಾಕುವಷ್ಟು ದೊಡ್ಡದು ಮಾಡಿದರೆ ಯಾರ ಗುರುತೂ ಉಳಿಯುವುದಿಲ್ಲ.

ಲೆಕ್ಕ ಹಾಕಲು ಬಾಬಾನ ಟೇಪು ತೆಗೆದೆ. ಹೊಸ್ತಿಲಲ್ಲಿ ನಿಂತ ಕ್ಯಾಮರಾದಿಂದ ಎದುರಿನ ಗೋಡೆಗೆ 11 ಅಡಿ. ಲೆಕ್ಕ ಸರಳ: ದೂರವನ್ನು 36ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಬೇಕು. 36 ಎಂದರೆ ಫುಲ್ ಫ್ರೇಮಿನ ಅಗಲ, ಮಿಲಿಮೀಟರಿನಲ್ಲಿ. 50ಕ್ಕೆ ಸುಮಾರು 8 ಅಡಿ ಗೋಡೆ ಸಿಗುತ್ತದೆ. 35ಕ್ಕೆ 11 ಅಡಿ ಚಿಲ್ಲರೆ. 28ಕ್ಕೆ 14 ಅಡಿ. 24ಕ್ಕೆ ಹದಿನಾರೂವರೆ. 20ಕ್ಕೆ ಹೋದರೆ ಹತ್ತಿರ ಹತ್ತಿರ 20 ಅಡಿ. ಹೆಚ್ಚು ಅಗಲದ್ದೇ ಒಳ್ಳೆಯದು ಎಂದು ಮೊದಲು ಅನ್ನಿಸಿತು. ಗೆಳೆಯ ತಡೆದ. "ಅಗಲ ಜಾಸ್ತಿ ಆದಷ್ಟೂ ಅಂಚಿನಾಗ ನಿಂತವರ ಮಾರಿ ಜಗ್ಗಿದಂಗ ಆಗತಾವ್ರಿ. ನಡುವ ಇದ್ದವರು ಸಣ್ಣ ಕಾಣತಾರ. ಎಷ್ಟು ಬೇಕೋ ಅಷ್ಟ ತಗೋರಿ." ನಮಗೆ ಬೇಕಾದದ್ದು ಹದಿನಾಲ್ಕೇ ಅಡಿ. 28 ಎಂದು ನಿಶ್ಚಯವಾಯಿತು.

ತನ್ನಷ್ಟಕ್ಕೆ ಫೋಕಸ್ ಆಗುವ ಹೊಸ ಲೆನ್ಸಿನ ಬೆಲೆ ನನಗೆ ನಿಲುಕದ್ದು. ಕೈಯಿಂದ ತಿರುಗಿಸಿ ಫೋಕಸ್ ಮಾಡುವ ಹಳೆಯ ನಿಕ್ಕಾರ್ 28 ಎಂಎಂ ಎಫ್ 2.8 ಹುಡುಕಲು ಹೊರಟೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸಿಕ್ಕಿತು. ಹೊರಗೆ ಹೊಸದರ ಹಾಗೆ ಹೊಳೆಯುತ್ತಿತ್ತು. ಮನೆಗೆ ತಂದು ಬ್ಯಾಟರಿ ಹಚ್ಚಿ ಒಳಗೆ ನೋಡಿದರೆ ಜೇಡರ ಬಲೆಯಂಥ ಬೂಷ್ಟು. ಅಮ್ಮಾ ಕೈಯಲ್ಲಿ ಹಿಡಿದು ನೋಡಿ, "ನನ್ನ ಕಣ್ಣಿನ ಪೊರೆ ತೆಗೆಯೋ ಮೊದಲು ನನಗೆ ದುನಿಯಾ ಹೀಗೇ ಇತ್ತು" ಎಂದಳು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ.

ಆ ಪಾಠಕ್ಕೆ ಕೊಟ್ಟ ದುಡ್ಡು ಓದುಗರಿಗಾದರೂ ಉಳಿಯಲಿ. ಹಳೆಯ ಲೆನ್ಸು ಕೊಳ್ಳುವಾಗ ಎರಡೂ ಕಡೆಯ ಮುಚ್ಚಳ ತೆಗೆದು, ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ನೋಡಬೇಕು. ಧೂಳಿನ ನಾಲ್ಕು ಕಣ ಇದ್ದರೆ ಚಿಂತೆಯಿಲ್ಲ, ಬೂಷ್ಟಿನ ಎಳೆ ಇದ್ದರೆ ಬೇಡ. ಒಳಗಿನ ಕಪ್ಪು ಎಲೆಗಳ ಮೇಲೆ ಎಣ್ಣೆಯ ಪಸೆ ಇರಬಾರದು. ಎಫ್ ಅಂಕಿಗಳ ಬಳೆಯನ್ನು 2.8ರಿಂದ 22ರವರೆಗೆ ತಿರುಗಿಸಿದರೆ ಒಂದೊಂದಕ್ಕೂ ಟಕ್ಕೆಂದು ನಿಲ್ಲಬೇಕು. ಫೋಕಸ್ ಬಳೆ ಬಿಗಿಯೂ ಆಗಿರಬಾರದು, ಸಡಿಲವೂ ಆಗಿರಬಾರದು. ದೂರದ ಗುಡ್ಡಕ್ಕೋ ಮಿನಾರಿಗೋ ಹಿಡಿದರೆ ಕೊನೆಯ ಗುರುತಿನಲ್ಲಿ ಸ್ವಚ್ಛವಾಗಿ ಕಾಣಬೇಕು. ನಿಕಾನಿನಲ್ಲಿ 1977ಕ್ಕಿಂತ ಹಿಂದಿನ, ತಿದ್ದುಪಡಿಯಾಗದ ಲೆನ್ಸನ್ನು ಇಂಥ ಕ್ಯಾಮರಾಕ್ಕೆ ಒತ್ತಿ ಹಾಕಿದರೆ ಬಾಯಿಯ ಸುತ್ತಲಿನ ಸಣ್ಣ ಕೊಕ್ಕೆ ಮುರಿಯುತ್ತದೆ. ಇನ್ನು 28ರಲ್ಲಿ ಒಳ್ಳೆಯದನ್ನು ಗುರುತಿಸುವುದು ಸುಲಭ: ದೂರದ ಅಂಕಿಗಳಲ್ಲಿ ಅತಿ ಚಿಕ್ಕದು 0.2 ಮೀಟರ್ ಎಂದಿರಬೇಕು. ಒಂದು ಗೇಣಿನಷ್ಟು ಹತ್ತಿರದ್ದೂ ಅದಕ್ಕೆ ಕಾಣುತ್ತದೆ. ಅಂಥದ್ದು ಎರಡನೆಯ ಸಲ ಗೆಳೆಯನ ಪರಿಚಯದವರಿಂದ ನನಗೆ ಸಿಕ್ಕಿತು.

ನಾನು ಏಳನೆಯ ತರಗತಿಯವರೆಗೆ ಓದಿದ್ದು ಉರ್ದುವಿನಲ್ಲಿ, ಮುಂದೆ ಕನ್ನಡದಲ್ಲಿ. ಉರ್ದು ಮಾಸ್ತರರು ಲೆನ್ಸಿಗೆ 'ಅದಸಾ' ಎಂದು ಹೇಳಿಕೊಟ್ಟಿದ್ದರು. ಕನ್ನಡ ಮಾಸ್ತರರು ಕರಿಹಲಗೆಯ ಮೇಲೆ 'ಪೀನ ಮಸೂರ' ಎಂದು ಬರೆದಾಗ ನಾನು ನಕ್ಕುಬಿಟ್ಟೆ. ಮನೆಯಲ್ಲಿ ಅಮ್ಮಾ ಬೇಯಿಸುತ್ತಿದ್ದ ಮಸೂರ್ ಬೇಳೆಯೇ ನೆನಪಾಯಿತು. ಆಮೇಲೆ ತಿಳಿಯಿತು, ಅರಬ್ಬಿಯ 'ಅದಸ್' ಎಂದರೂ ಅದೇ ಬೇಳೆ, ಲ್ಯಾಟಿನ್ನಿನ 'ಲೆನ್ಸ್' ಎಂದರೂ ಅದೇ ಬೇಳೆ. ಮೂರೂ ಭಾಷೆಯವರು ಗಾಜಿನ ಬಿಲ್ಲೆ ಕಂಡು ಅಡುಗೆಮನೆಯನ್ನೇ ನೆನೆದಿದ್ದಾರೆ. ಕ್ಯಾಮರಾದ ಕಥೆಯೂ ಹಾಗೆಯೇ. ನಮ್ಮ ಮಾಸ್ತರರು ಅದು ನಮ್ಮ 'ಕಮರಾ'ದಿಂದಲೇ ಹುಟ್ಟಿದ್ದು ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ನಿಜ ಬೇರೆ. ಎರಡಕ್ಕೂ ತಾಯಿ ಲ್ಯಾಟಿನ್ನಿನ ಒಂದೇ ಶಬ್ದ. 'ಕಮರಾ' ಪೋರ್ಚುಗೀಸರ ಜೊತೆ ನಮ್ಮ ನಾಡಿಗೆ ಬಂತು. ಆದರೂ ಕೋಣೆ ಎಂಬ ಅರ್ಥ ಸುಳ್ಳಲ್ಲ. ನನ್ನ ಹಟವಾದರೂ ಒಂದು ಕೋಣೆಯೊಳಗೆ ಇನ್ನೊಂದು ಕೋಣೆಯನ್ನು ತುಂಬುವುದೇ ಆಗಿತ್ತು.

ಲೆನ್ಸು ಬಂದ ಮೇಲೆ ಒಂದು ತಿಂಗಳು ಬಳಸಿ ಕಲಿತೆ. ಕ್ಯಾಮರಾದ ಪಟ್ಟಿಯಲ್ಲಿ 28 ಮತ್ತು 2.8 ಎಂದು ಬರೆದಿಟ್ಟರೆ ಬೆಳಕಿನ ಅಳತೆ ಅದು ಹೇಳುತ್ತದೆ. ಫೋಕಸ್ ಕೂಡಿದಾಗ ಕಿಂಡಿಯಲ್ಲಿ ಹಸಿರು ಚುಕ್ಕೆ ಹೊತ್ತುತ್ತದೆ. ಕತ್ತಲಲ್ಲಿ ಆ ಚುಕ್ಕೆಗಿಂತ ಟೇಪೇ ನಂಬಿಗಸ್ತ. ಲೆನ್ಸಿನ ಮೇಲೆ ಅಡಿಯ ಅಂಕಿಗಳೂ ಇರುವುದರಿಂದ ಅಳೆದು ತಿರುಗಿಸಿದರೆ ಆಯಿತು. 9 ಅಡಿಗೆ ಇಟ್ಟು ಎಫ್ 5.6 ಮಾಡಿದರೆ ಸುಮಾರು 6 ಅಡಿಯಿಂದ 20 ಅಡಿವರೆಗೆ ಎಲ್ಲವೂ ಸ್ವಚ್ಛ. ಮೇಲಕ್ಕೆ ಎತ್ತಿ ಹಿಡಿದರೆ ಗೋಡೆಗಳು ಒಳಕ್ಕೆ ವಾಲುತ್ತವೆ. ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟವನ್ನೇ ನಾನು ಹಿಂದಕ್ಕೆ ಬೀಳಿಸಿಬಿಟ್ಟಿದ್ದೆ! ಎದೆಯೆತ್ತರಕ್ಕೆ ನೇರ ಹಿಡಿದರೆ ಕಂಬ ಕಂಬವಾಗಿಯೇ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಗುಣ ಇನ್ನೊಂದು: ಈ ಲೆನ್ಸು ಹತ್ತಿರದ್ದನ್ನು ಬಹಳ ದೊಡ್ಡದು ಮಾಡುತ್ತದೆ, ಸ್ವಲ್ಪ ದೂರದ್ದನ್ನು ಬಹಳ ದೂರ ಮಾಡುತ್ತದೆ. ನಡುವಿನ ಖಾಲಿ ನೆಲ ಮೈದಾನವಾಗಿ ಕಾಣುತ್ತದೆ.

ನವೆಂಬರಿನ ಒಂದು ಭಾನುವಾರ ಎಲ್ಲರನ್ನೂ ಕರೆದೆ. ಯಾರು ಎಲ್ಲಿ ಕೂಡಬೇಕೆಂದು ನೆಲದ ಮೇಲೆ ಸುಣ್ಣದಿಂದ ಗುರುತು ಹಾಕಿದೆ. "ಕಿತ್ತಾ ನಾಪ್ತಾ ರೇ?" ಎಷ್ಟು ಅಳೀತೀಯೋ ಎಂದು ಅಮ್ಮಾ ನಕ್ಕಳು. ಅಣ್ಣ ಬಂದು ಕೂತ. ತಮ್ಮ ಬರಲಿಲ್ಲ. ಅವನ ಗುರುತಿನ ಮೇಲೆ ಕೋಳಿಯೊಂದು ಓಡಾಡಿತು. ಒಂದು ಗಂಟೆ ಕಾದು ಸ್ಟ್ಯಾಂಡು ಮಡಚಿದೆ.

ಆಮೇಲೆ ಬಂದದ್ದು ಡಿಸೆಂಬರ್ 26ರ ಸೂರ್ಯಗ್ರಹಣ. ಮಂಗಳೂರು, ಕಾಸರಗೋಡಿನ ಕಡೆ ಸೂರ್ಯ ಬಳೆಯಾಗಿ ಕಂಡ ದಿನ. ನಮ್ಮ ಕಡೆ ಬಳೆಯಾಗದಿದ್ದರೂ ಬಹುಪಾಲು ಮುಚ್ಚಿತ್ತು. ಮನೆ ಕೆಡವುವುದಕ್ಕೆ ಮುಂಚೆ ಸಾಮಾನು ಸಾಗಿಸಲೆಂದು ನಾನು ಊರಿಗೆ ಬಂದಿದ್ದೆ. ನಮ್ಮ ಮಾಳಿಗೆಯ ಬೆಳಕಿಂಡಿಗೆ ಮುಚ್ಚಿದ್ದ ತಗಡಿನಲ್ಲಿ ಮೊಳೆ ಹೊಡೆದ ತೂತುಗಳಿದ್ದವು. ಅವುಗಳಿಂದ ಇಳಿಯುವ ಬಿಸಿಲಿನ ಬಿಲ್ಲೆಗಳು ಮಧ್ಯಾಹ್ನ ರೂಪಾಯಿ ನಾಣ್ಯದಷ್ಟಾಗಿ ನೆಲದ ಮೇಲೆ ಬೀಳುತ್ತಿದ್ದವು. ಅವು ಒಲೆಯ ಕಡೆಯ ಬಾಗಿಲಿಗೆ ಬಂದರೆ ಅಮ್ಮನಿಗೆ ಜುಹರ್ ನಮಾಜಿನ ಹೊತ್ತು. ತೂತು ಹೇಗೇ ಸೊಟ್ಟಗಿದ್ದರೂ ಬಿಲ್ಲೆ ದುಂಡಗಿರುತ್ತಿತ್ತು, ಏಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಸಾವಿರ ವರ್ಷದ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್ ಹೈಥಮ್ ಗ್ರಹಣದ ಹೊತ್ತಿನಲ್ಲಿ ಸಣ್ಣ ರಂಧ್ರದಿಂದ ಬೀಳುವ ಈ ಚಿತ್ರದ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದರು.

ಬೆಳಿಗ್ಗೆ ಒಂಬತ್ತು ದಾಟಿದಾಗ ಅಣ್ಣನ ಮಗಳು ಕೂಗಿದಳು. ಎದುರಿನ ಗೋಡೆಯ ಮೇಲೆ ಬಿಸಿಲಿನ ಚುಕ್ಕೆಗಳೆಲ್ಲ ಎಳೆಚಂದ್ರಗಳಾಗಿದ್ದವು. ಹತ್ತಿಪ್ಪತ್ತು ಚಂದ್ರ, ಉಗುರಿನಷ್ಟಗಲ. ಕೂಗು ಕೇಳಿ ಓಣಿಯ ಮಕ್ಕಳು ಬಂದರು, ಅವರ ಹಿಂದೆ ತಮ್ಮನ ಮಕ್ಕಳು, ಮಕ್ಕಳನ್ನು ಕರೆಯಲು ಬಂದ ತಮ್ಮ. ಅವನು ಗೋಡೆಯ ಬಲಗಡೆ ನಿಂತ. ಅಣ್ಣ ಎಡಗಡೆ ಇದ್ದ. ಇಬ್ಬರೂ ತಲೆಯೆತ್ತಿ ಒಂದೇ ಗೋಡೆ ನೋಡುತ್ತಿದ್ದರು. ನಾನು ಹೊಸ್ತಿಲಿಗೆ ಬೆನ್ನು ಹಚ್ಚಿ, ಎಫ್ 4, 9 ಅಡಿ ಎಂದು ಬಳೆ ತಿರುಗಿಸಿ, ಉಸಿರು ಬಿಗಿಹಿಡಿದೆ. ಅದೇ ಹೊತ್ತಿಗೆ ಅಮ್ಮಾ ಒಳಗಿನಿಂದ ಬಂದು ಸರಿಯಾಗಿ ನಡುವೆ, ನನ್ನಿಂದ ಮೂರೇ ಅಡಿ ದೂರದಲ್ಲಿ ನಿಂತಳು. "ಚಾಂದ್ ದಿಖ್ಯಾ ಕ್ಯಾ?" ಎಂದು ಕೇಳಿದಳು.

ಬಳೆಯನ್ನು ಮೂರಕ್ಕೆ ತಿರುಗಿಸಿದ್ದರೆ ಅಮ್ಮಾ ಸ್ವಚ್ಛವಾಗಿ ಬರುತ್ತಿದ್ದಳು, ಅಣ್ಣ ತಮ್ಮ ಮಸುಕಾಗುತ್ತಿದ್ದರು. ಯಂತ್ರವಾಗಿದ್ದರೆ ತಾನೇ ಒಂದನ್ನು ಆರಿಸಿ ಬಿಡುತ್ತಿತ್ತು, ತಪ್ಪು ಅದರ ತಲೆಗೆ ಹೋಗುತ್ತಿತ್ತು. ಇಲ್ಲಿ ಬಳೆ ನನ್ನ ಬೆರಳಲ್ಲೇ ಇತ್ತು. ನಾನು ತಿರುಗಿಸಲಿಲ್ಲ. ಒಂದು ಚಿತ್ರ ಬಂತು. ಎರಡನೆಯದಕ್ಕೆ ಮೊದಲೇ ತಮ್ಮ ಮಕ್ಕಳ ಕೈ ಹಿಡಿದು ಹೊರಟುಹೋಗಿದ್ದ.

ಚಿತ್ರದಲ್ಲಿ ಗೋಡೆಯಿಂದ ಗೋಡೆಯವರೆಗೆ ಹದಿನಾಲ್ಕು ಅಡಿಯೂ ಇದೆ. ಎರಡು ಅಂಚಿನಲ್ಲಿ ಇಬ್ಬರು, ಲೆನ್ಸು ಜಗ್ಗಿದ್ದರಿಂದ ಒಂದಿಷ್ಟು ಅಗಲವಾದ ಹೆಗಲುಗಳು, ಮೇಲೆ ಜೀರಿಗೆ ಕಾಳಿನಂಥ ಚಂದ್ರಗಳು. ನಡುವೆ ಎಲ್ಲರಿಗಿಂತ ದೊಡ್ಡದಾಗಿ, ಎಲ್ಲರಿಗಿಂತ ಮಸುಕಾಗಿ ಅಮ್ಮಾ. ಆ ಮನೆಯೊಳಗೆ ಅವಳಿದ್ದ ಒಂದೇ ಫೋಟೋ. ಅವಳ ಮುಖದಲ್ಲಿ ಕಣ್ಣು, ಬಾಯಿ ಯಾವುದೂ ಸ್ವಚ್ಛವಾಗಿಲ್ಲ. ಮನೆಗಾಗಿ, ಅಣ್ಣ ತಮ್ಮಂದಿರಿಗಾಗಿ ಅಷ್ಟು ಅಳೆದ ನಾನು ಅವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನೆಲದ ಮೇಲೆ ಹಾಕಿದ್ದ ಸುಣ್ಣದ ಗುರುತುಗಳಲ್ಲೂ ಅವಳದೊಂದು ಇರಲಿಲ್ಲ. ಚಹಾ ತರುತ್ತಾಳೆ ಎಂದುಕೊಂಡಿದ್ದೆ.

ಜನವರಿಯಲ್ಲಿ ಮನೆ ಕೆಡವಿದರು. ಗೋಡೆ ಎದ್ದಿತು. ಒಂದು ದಿನ ತಮ್ಮ ಫೋನು ಮಾಡಿ ಫೋಟೋ ಕೇಳಿದ. ಕಳಿಸಿದೆ. ಆಮೇಲೆ ಗೆಳೆಯ ಹೇಳಿದ ಸಂಗತಿ ಇದು. ತಮ್ಮ ಅವನ ಸ್ಟುಡಿಯೋಕ್ಕೆ ಹೋಗಿ ಬಲಗಡೆಯ ಅರ್ಧವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಕೊಡಲು ಕೇಳಿದನಂತೆ. ಗೆಳೆಯ ಕಂಪ್ಯೂಟರಿನಲ್ಲಿ ನಡುವೆ ಗೆರೆ ಎಳೆದ. ಗೆರೆ ಅಮ್ಮನ ಮೈಮೇಲೆ ಹಾಯ್ದಿತು. "ಅತ್ತಾಗ ಸರಿಸ್ರಿ" ಎಂದನಂತೆ ತಮ್ಮ. ಸರಿಸಿದರೆ ಅಮ್ಮಾ ಪೂರ್ತಿ ಹೋಗುತ್ತಿದ್ದಳು. "ಇತ್ತಾಗ" ಎಂದ. ಇತ್ತ ಸರಿಸಿದರೆ ಅಣ್ಣನ ಕೈ ಒಳಗೆ ಬಂತು. ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಇರ್ಲಿ ಬಿಡ್ರಿ, ಹಂಗ ಕೊಡ್ರಿ" ಎಂದು ಇಡೀ ಫೋಟೋಕ್ಕೆ ದುಡ್ಡು ಕೊಟ್ಟು ಹೋದನಂತೆ.

ಅಣ್ಣ ತಮ್ಮ ಈಗಲೂ ಹೆಚ್ಚು ಮಾತಾಡುವುದಿಲ್ಲ. ಒಂದು ಫೋಟೋದಿಂದ ಗೋಡೆ ಬೀಳುತ್ತದೆ ಎಂದು ನಾನು ಕಥೆ ಬರೆದರೂ ನೀವು ನಂಬಲಿಕ್ಕಿಲ್ಲ. ಪಾಲಿನ ಮಾತಿನಂತೆ ಅಮ್ಮಾ ಒಂದು ತಿಂಗಳು ಅಣ್ಣನ ಮನೆ, ಒಂದು ತಿಂಗಳು ತಮ್ಮನ ಮನೆ. ಮನೆ ಬದಲಿಸುವ ದಿನ ಅವಳ ಗಂಟಿನಲ್ಲಿ ಜಾನಮಾಜ್, ಎಲೆಯಡಿಕೆಯ ಡಬ್ಬಿ, ಓಢಣಿಯಲ್ಲಿ ಸುತ್ತಿದ ಆ ಫೋಟೋ. ಎರಡೂ ಮನೆಯಲ್ಲಿ ಅದಕ್ಕೊಂದು ಮೊಳೆ ಇದೆ.

ಕಳೆದ ಸಲ ಊರಿಗೆ ಹೋದಾಗ ಲೆನ್ಸಿನ ಬಳೆಯನ್ನು ಕೊನೆಯ ಅಂಕಿಯ ಹತ್ತಿರಕ್ಕೆ ತಿರುಗಿಸಿ, ಅಮ್ಮನ ಎದುರು ಮೊಳಕಾಲೂರಿ ಕೂತೆ. "ಇಷ್ಟು ಹತ್ತಿರ ಬರ್ತೀಯೇನೋ?" ಎಂದಳು. ಹತ್ತಿರ ಹೋಗದೆ ಈ ಲೆನ್ಸಿನಲ್ಲಿ ಏನೂ ಕಾಣುವುದಿಲ್ಲ ಎಂದೆ. ಟೇಪು ಹಿಡಿಯಲಿಲ್ಲ. ಅವಳ ಕಣ್ಣು ಸ್ವಚ್ಛವಾಗುವವರೆಗೆ ಮೆಲ್ಲಗೆ ತಿರುಗಿಸುತ್ತ ಹೋದೆ.